ನಕ್ಕ ಮೇಲೆ ಒಂದು ಕೆಲಸ: ಯುದ್ಧದ ಮೀಮ್‌ಗಳ ಕಾಲದಲ್ಲಿ ಮನೆಮಂದಿಯ ಸಿದ್ಧತೆ

2025ರ ಮಾರ್ಚ್ ಕೊನೆಯ ವಾರದಲ್ಲಿ ಐರೋಪ್ಯ ಒಕ್ಕೂಟದ ಆಯುಕ್ತೆ ಹಾಜಾ ಲಾಬೀಬ್ ಒಂದು ಪುಟ್ಟ ವಿಡಿಯೊ ಹಾಕಿದರು. ಅದರಲ್ಲಿ ಅವರು ಕೈಚೀಲದಿಂದ ಒಂದೊಂದೇ ವಸ್ತು ತೆಗೆದು ನಗುನಗುತ್ತ ತೋರಿಸುತ್ತಾರೆ: ನೀರು, ಟಾರ್ಚ್, ಬೆಂಕಿಪೊಟ್ಟಣ, ಗುರುತಿನ ದಾಖಲೆ, ಔಷಧಿ, ಸಣ್ಣ ರೇಡಿಯೊ, ಒಂದಿಷ್ಟು ನಗದು. ಎಂಥ ಬಿಕ್ಕಟ್ಟು ಬಂದರೂ ಮೊದಲ 72 ಗಂಟೆ ಪ್ರತಿ ಮನೆಯೂ ಹೊರಗಿನ ನೆರವಿಲ್ಲದೆ ನಿಭಾಯಿಸುವಂತಿರಬೇಕು ಎಂಬುದು ಒಕ್ಕೂಟ ಆಗ ಪ್ರಕಟಿಸಿದ ಕಾರ್ಯನೀತಿಯ ಒಂದು ಅಂಶ. ನೀತಿಗಿಂತ ವಿಡಿಯೊ ಹೆಚ್ಚು ಹರಿದಾಡಿತು, ಅದೂ ಬಹುಪಾಲು ಗೇಲಿಯ ರೂಪದಲ್ಲಿ. ಯುದ್ಧದ ಮಾತಿಗೆ ಇಂಥ ನಗುಮುಖವೇ ಎಂದು ಕೆಲವರು ಸಿಟ್ಟಾದರು. ಹೆದರಿಸಿ ರಕ್ಷಣಾ ವೆಚ್ಚ ಏರಿಸುವ ಹುನ್ನಾರ ಇದು ಎಂದು ಇನ್ನು ಕೆಲವರು ಹೇಳಿದರು.

ಸುಮಾರು ಒಂದು ತಿಂಗಳ ಬಳಿಕ, ಏಪ್ರಿಲ್ 28ರ ಮಧ್ಯಾಹ್ನ, ಸ್ಪೇನ್ ಮತ್ತು ಪೋರ್ಚುಗಲ್‌ಗಳ ಮುಖ್ಯಭೂಮಿಯಲ್ಲಿ ವಿದ್ಯುತ್ ಜಾಲ ಕುಸಿಯಿತು. ಮೆಟ್ರೊ ರೈಲುಗಳು ಸುರಂಗದಲ್ಲಿ ನಿಂತವು, ಕಾರ್ಡ್ ಪಾವತಿ ನಡೆಯಲಿಲ್ಲ, ಮೊಬೈಲ್ ಜಾಲ ಹಲವೆಡೆ ಕೈಕೊಟ್ಟಿತು. ಜನ ಬೀದಿಯಲ್ಲಿ ಬ್ಯಾಟರಿ ರೇಡಿಯೊಗಳ ಸುತ್ತ ಗುಂಪುಗೂಡಿ ಸುದ್ದಿ ಕೇಳಿದರು. ರೇಡಿಯೊ, ಟಾರ್ಚ್, ನಗದು ಮೂರೂ ಆ ಕೈಚೀಲದಲ್ಲಿ ಇದ್ದವು.

ನಕ್ಕವರನ್ನು ದೂರಲು ಈ ಮಾತು ಎತ್ತಲಿಲ್ಲ. ಭಯವನ್ನು ಹೊರಲು ಮನುಷ್ಯನಿಗೆ ಇರುವ ಒಳ್ಳೆಯ ಆಸರೆಗಳಲ್ಲಿ ನಗುವೂ ಒಂದು. ತೊಂದರೆ ಇರುವುದು ಮುಂದಿನ ಕ್ಷಣದಲ್ಲಿ. ಮೀಮ್ ನೋಡಿ ನಕ್ಕು ನಾಲ್ಕು ಜನರಿಗೆ ಕಳಿಸಿದ ಕೂಡಲೇ ಆ ವಿಷಯದ ಬಗ್ಗೆ ಏನೋ ಮಾಡಿಬಿಟ್ಟೆವೆಂಬ ಹಗುರತನ ಬಂದುಬಿಡುತ್ತದೆ. ಮನೆಯಲ್ಲಿ ಮಾತ್ರ ಟಾರ್ಚಿನ ಬ್ಯಾಟರಿ ಸತ್ತೇ ಇರುತ್ತದೆ. ಆದ್ದರಿಂದ ಈ ಲೇಖನದ ಪದ್ಧತಿ ಒಂದೇ: ಯುದ್ಧ, ದಾಳಿ, ಹ್ಯಾಕಿಂಗ್, ವಿದ್ಯುತ್ ಕಡಿತದ ಬಗ್ಗೆ ಯಾವ ತಮಾಷೆ ನಿಮ್ಮನ್ನು ನಗಿಸಿದರೂ, ಅದನ್ನು ಮುಂದಕ್ಕೆ ಕಳಿಸುವ ಮೊದಲು ಕೆಳಗಿನ ಕೆಲಸಗಳಲ್ಲಿ ಒಂದನ್ನು ಮುಗಿಸಿ. ಯಾವ ಕೆಲಸವೂ ದೊಡ್ಡದಲ್ಲ.

ಮೊದಲ ಹೆಜ್ಜೆ: ತಮಾಷೆಯ ಅಡಿಯಲ್ಲಿರುವ ಭಯ ಯಾವುದೆಂದು ಬರೆದುಕೊಳ್ಳಿ

2020ರ ಜನವರಿ ಮೊದಲ ವಾರದಲ್ಲಿ ಅಮೆರಿಕವು ಇರಾನಿನ ಸೇನಾನಿ ಕಾಸಿಂ ಸುಲೈಮಾನಿಯನ್ನು ಕೊಂದಾಗ ಮೂರನೆಯ ಮಹಾಯುದ್ಧದ ಮೀಮ್‌ಗಳು ಜಾಲತಾಣಗಳನ್ನು ತುಂಬಿದವು. ಕಡ್ಡಾಯ ಸೇನಾ ಭರ್ತಿಯಿಂದ ತಪ್ಪಿಸಿಕೊಳ್ಳುವ ಬಗೆಬಗೆಯ ಉಪಾಯಗಳೇ ಅವುಗಳ ಮುಖ್ಯ ಸರಕು. ಅಮೆರಿಕದಲ್ಲಿ ಕಡ್ಡಾಯ ಭರ್ತಿ 1973ರಲ್ಲೇ ನಿಂತಿದೆ, ಅದನ್ನು ಮತ್ತೆ ತರಲು ಅಲ್ಲಿನ ಸಂಸತ್ತು ಕಾನೂನು ಮಾಡಬೇಕು. ಆದರೂ ಭರ್ತಿಯ ನೋಂದಣಿ ನೋಡಿಕೊಳ್ಳುವ ಸಂಸ್ಥೆಯ ಜಾಲತಾಣ ಜನರ ನುಗ್ಗಾಟ ತಾಳದೆ ಕುಸಿಯಿತು. ಕೆಲವೇ ದಿನಗಳಲ್ಲಿ, ‘ನೀವು ಸೇನೆಗೆ ಆಯ್ಕೆಯಾಗಿದ್ದೀರಿ, ತಕ್ಷಣ ಹಾಜರಾಗಿ’ ಎಂಬ ನಕಲಿ ಸಂದೇಶಗಳು ಮೊಬೈಲ್‌ಗಳಿಗೆ ಬರತೊಡಗಿದವು. ಅವು ಸುಳ್ಳು ಎಂದು ಸೇನೆಯೇ ಪ್ರಕಟಣೆ ಹೊರಡಿಸಬೇಕಾಯಿತು.

ತಮಾಷೆ, ಅದರ ಹಿಂದೆ ಭಯ, ಭಯದ ಹಿಂದೆ ವಂಚಕ. ಈ ಸಾಲು ಎಲ್ಲ ದೇಶಗಳಲ್ಲೂ ಕಾಣುತ್ತದೆ. ಸಾಲನ್ನು ಮೊದಲಲ್ಲೇ ತುಂಡರಿಸಲು ಒಂದು ಕಾಗದ ಸಾಕು. ಮೀಮ್ ಯಾವ ಅಪಾಯದ ಬಗ್ಗೆ ಇದೆ, ಆ ಅಪಾಯ ನಿಮ್ಮ ಮನೆಗೆ ನಿಜವಾಗಿ ಎಷ್ಟು ಹತ್ತಿರ, ಬಂದರೆ ಮೊದಲ ದಿನ ಯಾವುದು ನಿಲ್ಲುತ್ತದೆ? ಇಷ್ಟನ್ನು ಬರೆಯಿರಿ. ಕ್ಷಿಪಣಿಯ ಮೀಮ್ ನೋಡಿ ನಕ್ಕ ಬಹುಪಾಲು ಜನರ ಕಾಗದದಲ್ಲಿ ಕೊನೆಗೆ ಉಳಿಯುವುದು ಕರೆಂಟು, ನೀರು, ಫೋನು, ಹಣ, ಔಷಧಿ, ಒಬ್ಬರನ್ನೊಬ್ಬರು ಸೇರಿಕೊಳ್ಳುವ ದಾರಿ ಇವೇ. ದಾಳಿಯಾದರೂ ಚಂಡಮಾರುತವಾದರೂ ಈ ಪಟ್ಟಿ ಹೆಚ್ಚು ಬದಲಾಗುವುದಿಲ್ಲ. ನನ್ನ ಮಟ್ಟಿಗೆ ಇದು ಸಮಾಧಾನ ಕೊಡುವ ವಿಷಯ, ಏಕೆಂದರೆ ಹತ್ತು ಅಪಾಯಗಳಿಗೆ ಹತ್ತು ಸಿದ್ಧತೆ ಬೇಕಾಗಿಲ್ಲ.

ಎರಡನೆಯ ಹೆಜ್ಜೆ: ಹೇಳಿದವರನ್ನು ಬದಿಗಿಟ್ಟು ಹೇಳಿದ್ದನ್ನು ತೂಗಿ

ಸಿದ್ಧತೆಯ ಸಲಹೆ ಸಾಮಾನ್ಯವಾಗಿ ಸರ್ಕಾರದಿಂದ ಬರುತ್ತದೆ. ಸರ್ಕಾರ ಎಂದ ಮೇಲೆ ಅದರ ಪರ, ವಿರೋಧ ಇದ್ದೇ ಇರುತ್ತವೆ. 2003ರ ಫೆಬ್ರವರಿಯಲ್ಲಿ, ಇರಾಕ್ ಯುದ್ಧಕ್ಕೆ ಮೊದಲು, ಮೂರು ದಿನಕ್ಕಾಗುವಷ್ಟು ನೀರು ಮತ್ತು ಆಹಾರ, ಬ್ಯಾಟರಿ ರೇಡಿಯೊ, ಜೊತೆಗೆ ಕಿಟಕಿ ಮುಚ್ಚಲು ಪ್ಲಾಸ್ಟಿಕ್ ಹಾಳೆ ಮತ್ತು ಅಂಟುಪಟ್ಟಿ ಇಟ್ಟುಕೊಳ್ಳಿ ಎಂದು ಅಮೆರಿಕದ ಅಧಿಕಾರಿಗಳು ಹೇಳಿದರು. ಅಂಗಡಿಗಳಲ್ಲಿ ಅಂಟುಪಟ್ಟಿ ಖಾಲಿಯಾಯಿತು, ಟಿವಿ ಹಾಸ್ಯಗಾರರಿಗೆ ಅದೇ ವಸ್ತುವಾಯಿತು. ಇಂದಿಗೂ ಆ ಸಲಹೆಯಲ್ಲಿ ಜನರ ನೆನಪಿನಲ್ಲಿ ಉಳಿದಿರುವುದು ಅಂಟುಪಟ್ಟಿ ಮಾತ್ರ. ಹೆಚ್ಚು ಉಪಯೋಗಕ್ಕೆ ಬರುವ ನೀರು ಮತ್ತು ರೇಡಿಯೊ ನಗೆಯಲ್ಲಿ ಕೊಚ್ಚಿಹೋದವು.

ಆಗಿನ ಯುದ್ಧನೀತಿಯನ್ನು ಟೀಕಿಸಲು ಬೇಕಾದಷ್ಟು ಕಾರಣಗಳಿದ್ದವು. ಟೀಕೆ ನಾಗರಿಕನ ಹಕ್ಕು, ಹಾಸ್ಯ ಆ ಹಕ್ಕಿನ ಚೂಪಾದ ರೂಪ. ಆದರೆ ಮೂರು ದಿನದ ನೀರು ಯಾವ ಪಕ್ಷದ ಆಸ್ತಿಯೂ ಅಲ್ಲ. ಇಲ್ಲಿ ಒಂದು ಪರೀಕ್ಷೆ ಮಾಡಿ ನೋಡಿ: ಅದೇ ಸಲಹೆಯನ್ನು ನೀವು ಮತ ಹಾಕಿದ ನಾಯಕ ಕೊಟ್ಟಿದ್ದರೆ ಪಾಲಿಸುತ್ತಿದ್ದಿರಾ? ಹೌದು ಎಂದಾದರೆ ಈಗಲೂ ಪಾಲಿಸಿ. ನೀವು ಮೆಚ್ಚುವ ನಾಯಕ ಕೊಟ್ಟ ಸಲಹೆಯನ್ನು ಎದುರಾಳಿ ಕೊಟ್ಟಿದ್ದರೆ ನಗುತ್ತಿದ್ದಿರಾ? ಹಾಗಿದ್ದರೆ ಒಪ್ಪುವ ಮೊದಲು ಇನ್ನೊಮ್ಮೆ ಯೋಚಿಸಿ.

ಸಲಹೆ ಹೇಳುವ ಧಾಟಿ ಬದಲಾದರೆ ಜನರ ಕಿವಿಯೂ ಬದಲಾಗುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನ 2011ರ ಮೇ ತಿಂಗಳದು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಸತ್ತವರು ಎದ್ದು ಬಂದರೆ ಏನು ಮಾಡಬೇಕು ಎಂಬ ತಮಾಷೆಯ ಬರಹ ಪ್ರಕಟಿಸಿತು. ಪಟ್ಟಿಯಲ್ಲಿದ್ದದ್ದು ಅದೇ ನೀರು, ಆಹಾರ, ಔಷಧಿ, ದಾಖಲೆ, ಪ್ರಥಮ ಚಿಕಿತ್ಸೆಯ ಸಾಮಗ್ರಿ, ಮನೆಯವರು ಸೇರುವ ಜಾಗ. ಓದಲು ಬಂದವರ ದಟ್ಟಣೆಗೆ ಆ ಪುಟವೇ ಸ್ಥಗಿತಗೊಂಡಿತು. ಹಾಗಾಗಿ ಹಾಸ್ಯವನ್ನು ಸಿದ್ಧತೆಯ ಶತ್ರು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮನೆಯಲ್ಲಿ ಮಕ್ಕಳೊಡನೆ ಈ ಮಾತು ತೆಗೆಯುವಾಗ ಇದೇ ದಾರಿ ಹಿಡಿಯಿರಿ. ಯುದ್ಧ ಬರಬಹುದು ಎಂದು ಎಂಟು ವರ್ಷದ ಮಗುವಿಗೆ ಹೇಳಿದರೆ ಅದು ರಾತ್ರಿ ನಿದ್ದೆ ಮಾಡುವುದಿಲ್ಲ. ಭೂತ ಬಂದರೆ ಯಾವ ಚೀಲ ಎತ್ತಿಕೊಂಡು ಎಲ್ಲಿ ಸೇರೋಣ ಎಂದು ಕೇಳಿದರೆ ಅದೇ ಮಗು ಚೀಲ ತುಂಬಲು ಓಡುತ್ತದೆ.

ಮೂರನೆಯ ಹೆಜ್ಜೆ: ಅಧಿಕೃತ ಎಚ್ಚರಿಕೆಗೆ ಒಂದು ನಿಯಮ, ಫಾರ್ವರ್ಡ್‌ಗೆ ಇನ್ನೊಂದು

ಈ ಲೇಖನದಲ್ಲಿ ಒಂದೇ ಭಾಗ ಓದಲು ಸಮಯವಿದ್ದರೆ ಇದನ್ನು ಓದಿ.

2018ರ ಜನವರಿ 13ರ ಬೆಳಗ್ಗೆ 8 ಗಂಟೆ 7 ನಿಮಿಷಕ್ಕೆ ಅಮೆರಿಕದ ಹವಾಯಿ ದ್ವೀಪಗಳ ಮೊಬೈಲ್‌ಗಳಲ್ಲಿ ಕ್ಷಿಪಣಿ ಬರುತ್ತಿದೆ, ಆಶ್ರಯ ಪಡೆಯಿರಿ, ಇದು ಅಭ್ಯಾಸವಲ್ಲ ಎಂಬ ತುರ್ತು ಸಂದೇಶ ಮೊಳಗಿತು. ಅದು ತಪ್ಪು ಸಂದೇಶವಾಗಿತ್ತು. ಪಾಳಿ ಬದಲಾಗುವ ಹೊತ್ತಿನ ಅಭ್ಯಾಸವನ್ನು ಒಬ್ಬ ಸಿಬ್ಬಂದಿ ನಿಜವೆಂದು ತಿಳಿದು ಕಳಿಸಿದ್ದರು. ಫೋನ್‌ಗಳಿಗೆ ತಿದ್ದುಪಡಿ ಬರಲು 38 ನಿಮಿಷ ಹಿಡಿಯಿತು. ಸುಳ್ಳೆಂದು ತಿಳಿದ ಮೇಲೆ ಮೀಮ್‌ಗಳ ಮಳೆ ಸುರಿಯಿತು. ಹಾಗಾದರೆ ಆಶ್ರಯಕ್ಕೆ ಓಡಿದವರು ಮೂರ್ಖರೇ? ಖಂಡಿತ ಅಲ್ಲ. ಅವರು ಮಾಡಿದ್ದೇ ಸರಿ. ಸರ್ಕಾರದ ತುರ್ತು ವ್ಯವಸ್ಥೆಯಿಂದ ಬಂದ ಎಚ್ಚರಿಕೆಗೆ ಮೊದಲು ದೇಹವನ್ನು ಸುರಕ್ಷಿತ ಜಾಗಕ್ಕೆ ಒಯ್ಯಬೇಕು, ನಿಜವೋ ಸುಳ್ಳೋ ಎಂಬ ವಿಚಾರಣೆ ಆಮೇಲೆ. ಸುಳ್ಳಾದರೆ ನಷ್ಟ ಅರ್ಧ ಗಂಟೆ ಮಾತ್ರ.

ಫಾರ್ವರ್ಡ್ ಆಗಿ ಬಂದ ಸಂದೇಶಕ್ಕೆ ನಿಯಮ ತಿರುಗುಮುರುಗು: ಮೊದಲು ಪರಿಶೀಲನೆ, ಆಮೇಲೆ ಚಲನೆ, ಹಂಚುವುದು ಎಲ್ಲಕ್ಕಿಂತ ಕೊನೆಗೆ. 2023ರ ಮೇ 22ರಂದು ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಪೆಂಟಗನ್ ಬಳಿ ಸ್ಫೋಟವಾದಂತೆ ತೋರಿಸುವ, ಕೃತಕ ಬುದ್ಧಿಮತ್ತೆಯಿಂದ ಮಾಡಿದಂತೆ ಕಂಡ ಚಿತ್ರವೊಂದು ಹರಡಿ ಷೇರುಪೇಟೆ ಕೆಲ ನಿಮಿಷ ಜಾರಿತು. ದೃಢೀಕೃತ ಗುರುತಿನ ಖಾತೆಗಳೂ ಅದನ್ನು ಹಂಚಿದ್ದವು. ಅಲ್ಲಿನ ಅಗ್ನಿಶಾಮಕ ದಳ ಅಂಥದ್ದೇನೂ ಆಗಿಲ್ಲ ಎಂದು ತಿಳಿಸಿತು. ಹೆಸರುವಾಸಿ ಖಾತೆ ಹೇಳಿತು ಎಂಬುದೂ ಸಾಲದು. 2013ರ ಏಪ್ರಿಲ್ 23ರಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ಟ್ವಿಟರ್ ಖಾತೆಯನ್ನೇ ಹ್ಯಾಕ್ ಮಾಡಿ, ಶ್ವೇತಭವನದಲ್ಲಿ ಸ್ಫೋಟ, ಒಬಾಮ ಗಾಯಾಳು ಎಂದು ಬರೆಯಲಾಗಿತ್ತು. ಅಂದೂ ಪೇಟೆ ಕುಸಿದು ಮೇಲೆದ್ದಿತು. ಆದ್ದರಿಂದ ಒಂದೇ ಮೂಲವನ್ನು ನಂಬಬೇಡಿ. ಪರಸ್ಪರ ಸಂಬಂಧವಿಲ್ಲದ ಎರಡು ಮೂಲಗಳು ಹೇಳುತ್ತವೆಯೇ, ಸ್ಥಳದಲ್ಲಿರುವ ಅಧಿಕಾರಿಗಳು ಹೇಳುತ್ತಾರೆಯೇ ನೋಡಿ. ನಿಜವಾದ ದೊಡ್ಡ ಸ್ಫೋಟವನ್ನು ನೂರಾರು ಜನ ನೂರಾರು ಕೋನಗಳಿಂದ ಚಿತ್ರಿಸಿರುತ್ತಾರೆ. ಒಂದೇ ಚಿತ್ರ, ಒಂದೇ ಕೋನ ಎಂದರೆ ಕೈ ತಡೆಯಿರಿ.

ವಿಡಿಯೊಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಆರ್ಮಾ 3 ಎಂಬ ಯುದ್ಧದ ಆಟದ ತುಣುಕುಗಳನ್ನು ಬೇರೆ ಬೇರೆ ಯುದ್ಧಗಳ ನಿಜ ದೃಶ್ಯಗಳೆಂದು ಹಂಚುತ್ತಲೇ ಇದ್ದಾರೆ. ಆಟ ತಯಾರಿಸಿದ ಬೊಹೀಮಿಯಾ ಇಂಟರಾಕ್ಟಿವ್ ಕಂಪನಿಯೇ 2022ರಲ್ಲಿ ಅವುಗಳನ್ನು ಗುರುತಿಸುವ ಬಗೆ ತಿಳಿಸಿತು: ಮಸುಕಾದ ಗುಣಮಟ್ಟ, ಬೇಕೆಂದೇ ಅಲುಗಾಡಿಸಿದ ಕ್ಯಾಮೆರಾ, ಕತ್ತಲಿನ ದೃಶ್ಯ, ಹೆಚ್ಚಾಗಿ ಧ್ವನಿಯಿಲ್ಲ, ಚಲಿಸುವ ಮನುಷ್ಯರು ಕಾಣುವುದಿಲ್ಲ, ಹೊಗೆ ಮತ್ತು ಧೂಳು ಅಸಹಜ. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ವಿಡಿಯೊ ನಿಮ್ಮಲ್ಲೇ ನಿಲ್ಲಲಿ.

ತಮಾಷೆಯೇ ಸುದ್ದಿಯಾಗಿ ಬದಲಾಗುವ ದಾರಿಯೂ ಇದೆ. ಅಣಕು ಸುದ್ದಿ ಬರೆಯುವ ಪುಟದಲ್ಲಿ ಓದಿದಾಗ ಅದು ತಮಾಷೆ ಎಂದು ಗೊತ್ತಾಗುತ್ತದೆ. ಅದರ ಸ್ಕ್ರೀನ್‌ಶಾಟ್ ತೆಗೆದು ಪುಟದ ಹೆಸರು ಕತ್ತರಿಸಿದರೆ ಉಳಿಯುವುದು ಸುಳ್ಳು ಮಾತ್ರ. ಬಿಕ್ಕಟ್ಟಿನ ದಿನಗಳಲ್ಲಿ ನೀವು ಅಣಕವನ್ನು ಹಂಚುವುದಾದರೆ ಮೂಲದ ಕೊಂಡಿಯೊಂದಿಗೆ ಹಂಚಿ, ಚಿತ್ರ ಮಾಡಿ ಕಳಿಸಬೇಡಿ. ಯುದ್ಧದ ಹೊತ್ತಿನಲ್ಲಿ ಸುಳ್ಳು ಎಷ್ಟು ದೂರ ಹೋಗಬಹುದು ಎಂಬುದನ್ನು ಸ್ವೀಡನ್ ಗಂಭೀರವಾಗಿ ಎಣಿಸಿದೆ. ಆ ದೇಶ 2018ರಲ್ಲೂ 2024ರ ನವೆಂಬರ್‌ನಲ್ಲೂ ಮನೆಮನೆಗೆ ಕಳಿಸಿದ ಕಿರುಹೊತ್ತಗೆಯಲ್ಲಿ, ಪ್ರತಿರೋಧ ನಿಲ್ಲಿಸಿ ಎಂಬ ಯಾವ ಮಾಹಿತಿ ಬಂದರೂ ಅದು ಸುಳ್ಳು ಎಂದು ಮುಂಚಿತವಾಗಿಯೇ ಬರೆದಿದೆ.

ಈಗಲೇ ಮುಗಿಸಬಹುದಾದ ಕೆಲಸ: ಫೋನಿನ ಸೆಟ್ಟಿಂಗ್ಸ್ ತೆರೆದು ತುರ್ತು ಎಚ್ಚರಿಕೆಗಳು ಚಾಲೂ ಇವೆಯೇ ನೋಡಿ. ಅನೇಕ ದೇಶಗಳಲ್ಲಿ ಇವು ಮೊಬೈಲ್ ಗೋಪುರದಿಂದ ಅದರ ವ್ಯಾಪ್ತಿಯ ಎಲ್ಲ ಫೋನ್‌ಗಳಿಗೂ ಒಮ್ಮೆಗೇ ಪ್ರಸಾರವಾಗುತ್ತವೆ. ಇಂಟರ್ನೆಟ್ ಬೇಡ, ಕರೆಗಳ ದಟ್ಟಣೆಯೂ ಅಡ್ಡಿಯಾಗದು. ಪರೀಕ್ಷಾ ಸಂದೇಶದ ಸದ್ದಿಗೆ ಬೇಸತ್ತು ಎಂದೋ ಆರಿಸಿದ್ದರೆ ಮತ್ತೆ ಚಾಲೂ ಮಾಡಿ.

ನಾಲ್ಕನೆಯ ಹೆಜ್ಜೆ: 72 ಗಂಟೆಯ ಸಾಮಾನು

ಕುಡಿಯಲು, ಅಡುಗೆಗೆ, ತೀರಾ ಅಗತ್ಯದ ಶುಚಿಗೆ ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 3 ಲೀಟರ್ ನೀರು. ನಾಲ್ವರಿದ್ದರೆ ಮೂರು ದಿನಕ್ಕೆ 36 ಲೀಟರ್. ಬೇಯಿಸದೆ ತಿನ್ನಬಹುದಾದ ಆಹಾರ, ದಿನವೂ ನುಂಗುವ ಔಷಧಿ ಕನಿಷ್ಠ ಒಂದು ವಾರಕ್ಕೆ, ಟಾರ್ಚ್, ಬ್ಯಾಟರಿಯ ಅಥವಾ ಕೈಯಿಂದ ತಿರುಗಿಸುವ ರೇಡಿಯೊ, ಪವರ್ ಬ್ಯಾಂಕ್, ಚಿಲ್ಲರೆಯಾಗಿ ಬಳಸಬಹುದಾದ ಸಣ್ಣ ನೋಟುಗಳು, ದಾಖಲೆಗಳ ಪ್ರತಿ ನೀರು ತಾಗದ ಚೀಲದಲ್ಲಿ. ಎಲ್ಲವನ್ನೂ ಒಂದೇ ದಿನ ಕೊಳ್ಳಬೇಡಿ. ಹೆದರಿ ಒಂದೇ ದಿನ ಅಂಗಡಿಗೆ ನುಗ್ಗುವುದರಿಂದಲೇ ಕೊರತೆ ಹುಟ್ಟುತ್ತದೆ. ಪ್ರತಿ ಸಲದ ಸಾಮಾನಿನ ಜೊತೆ ಒಂದೊಂದು ಹೆಚ್ಚಾಗಿ ತಂದು, ಹಳೆಯದನ್ನು ಬಳಸಿ ಹೊಸದನ್ನು ಹಿಂದಕ್ಕಿಡಿ.

ಒಂದು ಮಾತು ಒತ್ತಿ ಹೇಳಬೇಕು. ಕರೆಂಟು ಹೋದಾಗ ಜನರೇಟರ್ ಅಥವಾ ಇದ್ದಿಲ ಒಲೆಯನ್ನು ಮುಚ್ಚಿದ ಕೋಣೆಯಲ್ಲಿ ಎಂದೂ ಉರಿಸಬೇಡಿ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದಲ್ಲೇ ಜೀವ ತೆಗೆಯುತ್ತದೆ. ಸ್ಪೇನಿನ ಆ ಕತ್ತಲಿನ ದಿನವೂ ಹೀಗೆ ಒಂದೇ ಮನೆಯ ಮೂವರು ಸತ್ತ ವರದಿ ಬಂತು. ಫ್ರಿಜ್ ಬಾಗಿಲು ತೆರೆಯದಿದ್ದರೆ ಒಳಗಿನ ಆಹಾರ ಸುಮಾರು 4 ಗಂಟೆ ಸುರಕ್ಷಿತ.

ಜೊತೆಗೆ ಕೈಗೆ ಒಂದು ವಿದ್ಯೆ ಕಲಿಸಿ: ರಕ್ತ ಸುರಿಯುವ ಗಾಯದ ಮೇಲೆ ಸ್ವಚ್ಛ ಬಟ್ಟೆಯಿಟ್ಟು ಎರಡೂ ಕೈಯಿಂದ ಬಲವಾಗಿ, ನೆರವು ಬರುವವರೆಗೆ ಬಿಡದೆ ಒತ್ತುವುದು. ತೆಗೆದು ತೆಗೆದು ನೋಡಬಾರದು.

ಐದನೆಯ ಹೆಜ್ಜೆ: ಫೋನ್ ಮತ್ತು ಖಾತೆಗಳು

ಹವಾಯಿಯ ಸುಳ್ಳು ಎಚ್ಚರಿಕೆಯ ದಿನ ಅಲ್ಲಿನ ರಾಜ್ಯಪಾಲ ಡೇವಿಡ್ ಈಗೆ ಅವರಿಗೆ ಬೇಗನೆ ಟ್ವೀಟ್ ಮಾಡಿ ಜನರಿಗೆ ತಿಳಿಸಲಾಗಲಿಲ್ಲ. ಖಾತೆಯ ಹೆಸರು ಮತ್ತು ಪಾಸ್‌ವರ್ಡ್ ತಮಗೆ ತಿಳಿದಿರಲಿಲ್ಲ ಎಂದು ಅವರೇ ಆಮೇಲೆ ಹೇಳಿದರು. ನಗುವ ಮೊದಲು ನಿಮ್ಮನ್ನೇ ಕೇಳಿಕೊಳ್ಳಿ: ಫೋನ್ ಕಳೆದುಹೋದರೆ ಬೇರೆಯವರ ಫೋನಿನಿಂದ ನಿಮ್ಮ ಇಮೇಲ್ ತೆರೆಯಬಲ್ಲಿರಾ? ಮನೆಯವರ ಎಷ್ಟು ಫೋನ್ ಸಂಖ್ಯೆಗಳು ಬಾಯಿಪಾಠವಿವೆ?

ಇಮೇಲ್, ಬ್ಯಾಂಕ್, ಸಂದೇಶದ ಆ್ಯಪ್‌ಗಳಿಗೆ ಎರಡು ಹಂತದ ದೃಢೀಕರಣ ಹಾಕಿ, ಅದು ಕೊಡುವ ಮರುಪ್ರವೇಶದ ಸಂಕೇತಗಳನ್ನು ಕಾಗದದಲ್ಲಿ ಬರೆದು ದಾಖಲೆಗಳೊಡನೆ ಇಡಿ. ನಾಲ್ಕು ಮುಖ್ಯ ಫೋನ್ ಸಂಖ್ಯೆಗಳ ಚೀಟಿ ಪ್ರತಿಯೊಬ್ಬರ ಪರ್ಸ್‌ನಲ್ಲಿರಲಿ. ಅದರಲ್ಲಿ ಒಂದು ದೂರದ ಊರಿನಲ್ಲಿರುವ ಬಂಧುವಿನದ್ದಾಗಿರಲಿ. ಸ್ಥಳೀಯ ಜಾಲ ದಟ್ಟಣೆಯಲ್ಲಿ ಸಿಕ್ಕಿಕೊಂಡಾಗ ಇಬ್ಬರೂ ಆ ಮೂರನೆಯವರಿಗೆ ಸುದ್ದಿ ಮುಟ್ಟಿಸುವುದು ಸುಲಭ. ಕರೆ ಹೋಗದಿದ್ದಾಗ ಸಾದಾ ಎಸ್‌ಎಂಎಸ್ ಹೋಗುವ ಸಾಧ್ಯತೆ ಹೆಚ್ಚು.

ಅಪ್‌ಡೇಟ್ ಮುಂದೂಡಬೇಡಿ. 2017ರ ಮೇ 12ರಂದು ವಾನಾಕ್ರೈ ಎಂಬ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಸುಲಿಗೆ ತಂತ್ರಾಂಶ ಬ್ರಿಟನ್ನಿನ ಆಸ್ಪತ್ರೆಗಳೂ ಸೇರಿ ಲೋಕದಾದ್ಯಂತ ಕಂಪ್ಯೂಟರ್‌ಗಳನ್ನು ಬಂಧಿಸಿತು. ಅದು ನುಸುಳಿದ ಬಿರುಕನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೊಸಾಫ್ಟ್ ಆ ಮಾರ್ಚ್‌ನಲ್ಲೇ ಕೊಟ್ಟಿತ್ತು.

ಇನ್ನೊಂದು, ಈಚಿನ ಅಗತ್ಯ: ಮನೆಯವರಿಗೆ ಮಾತ್ರ ಗೊತ್ತಿರುವ ಗುಟ್ಟಿನ ಪದ. ದನಿಯನ್ನು ನಕಲು ಮಾಡುವ ತಂತ್ರ ಈಗ ಅಗ್ಗವಾಗಿದೆ. ‘ನಾನು ಸಿಕ್ಕಿಬಿದ್ದಿದ್ದೇನೆ, ಹಣ ಕಳಿಸಿ’ ಎಂದು ಮಗಳ ದನಿಯಲ್ಲೇ ಕರೆ ಬಂದರೆ ಆ ಪದ ಕೇಳಿ. ಆ ಪದವನ್ನು ಯಾವ ಗ್ರೂಪ್‌ನಲ್ಲೂ ಬರೆಯಬೇಡಿ, ಎದುರೆದುರು ಕೂತು ಹೇಳಿಕೊಳ್ಳಿ.

ಆರನೆಯ ಹೆಜ್ಜೆ: ನಿಮ್ಮದೇ ತಮಾಷೆಗೆ ಗೆರೆ

2010ರ ಜನವರಿಯಲ್ಲಿ ಹಿಮದಿಂದ ಮುಚ್ಚಿದ ವಿಮಾನ ನಿಲ್ದಾಣವನ್ನು ಸ್ಫೋಟಿಸುವುದಾಗಿ ಇಂಗ್ಲೆಂಡಿನ ಯುವಕನೊಬ್ಬ ಟ್ವಿಟರ್‌ನಲ್ಲಿ ತಮಾಷೆ ಮಾಡಿದ. ಬಂಧನವಾಯಿತು, ಶಿಕ್ಷೆಯಾಯಿತು, ಕೆಲಸ ಹೋಯಿತು. 2012ರ ಜುಲೈಯಲ್ಲಿ ಉಚ್ಚ ನ್ಯಾಯಾಲಯ ಶಿಕ್ಷೆಯನ್ನು ರದ್ದು ಮಾಡಿತು. ತೀರ್ಪು ನ್ಯಾಯವಾದದ್ದೇ, ಆದರೆ ಅದು ಬರಲು ಎರಡೂವರೆ ವರ್ಷ ಬೇಕಾಯಿತು. ಬಾಂಬ್, ವಿಮಾನ, ಶಾಲೆ ಈ ಮೂರರ ಬಗ್ಗೆ ಬೆದರಿಕೆಯ ರೂಪದ ತಮಾಷೆ ಬೇಡ ಎಂದು ಮನೆಯ ಹದಿಹರೆಯದವರಿಗೆ ಸ್ಪಷ್ಟವಾಗಿ ಹೇಳಿ. ದೂರು ಪರಿಶೀಲಿಸುವವರಿಗೆ ನಿಮ್ಮ ನಗುಮುಖ ಕಾಣುವುದಿಲ್ಲ, ಅಕ್ಷರಗಳು ಮಾತ್ರ ಕಾಣುತ್ತವೆ.

ದಾಳಿಯೊಂದು ನಡೆದ ಗಂಟೆಗಳಲ್ಲಿ ಒಂದು ಸಮುದಾಯವನ್ನು ಹಂಗಿಸುವ ಮೀಮ್‌ಗಳು ಹುಟ್ಟಿಕೊಳ್ಳುತ್ತವೆ. ಇವನ್ನು ಹಾಸ್ಯವೆಂದು ನಾನು ಎಣಿಸುವುದಿಲ್ಲ. ಅಧಿಕಾರದಲ್ಲಿರುವವರನ್ನು ಚುಚ್ಚುವ ನಗೆಗೂ, ಪಕ್ಕದ ಮನೆಯವರ ಮೇಲೆ ಕಲ್ಲೆತ್ತಿಸುವ ನಗೆಗೂ ನಡುವಿನ ಅಂತರ ಜೀವದಷ್ಟು ದೊಡ್ಡದು. ಅಂಥದ್ದು ನಿಮ್ಮ ಗುಂಪಿಗೆ ಬಂದರೆ ಮೌನವಾಗಿ ದಾಟಬೇಡಿ, ತೆಗೆಯಿರಿ ಎಂದು ಹೆಸರು ಹಿಡಿದು ಕೇಳಿ.

ಪೊಲೀಸರ ಅಥವಾ ಸೇನೆಯ ಚಲನವಲನ ಕಂಡರೆ ಚಿತ್ರ ಹಾಕಬೇಡಿ. ಇದನ್ನು ಜನ ಎಷ್ಟು ಚೆಂದವಾಗಿ ಪಾಲಿಸಬಲ್ಲರು ಎಂದು ಬ್ರಸೆಲ್ಸ್ ತೋರಿಸಿದೆ. ಪ್ಯಾರಿಸ್‌ನ ಉಗ್ರರ ದಾಳಿಯ ಬಳಿಕ, 2015ರ ನವೆಂಬರ್ 22ರಂದು, ಅಂಥದ್ದೇ ದಾಳಿಯ ಭಯದಲ್ಲಿ ಬ್ರಸೆಲ್ಸ್ ನಗರ ಬಾಗಿಲು ಮುಚ್ಚಿ ಕೂತಿತ್ತು. ಕಾರ್ಯಾಚರಣೆಯ ವಿವರ ಹಂಚಬೇಡಿ ಎಂದು ಪೊಲೀಸರು ಕೋರಿದರು. ಜನ ‘ಬ್ರಸೆಲ್ಸ್ ಲಾಕ್‌ಡೌನ್’ ಎಂಬ ಹ್ಯಾಷ್‌ಟ್ಯಾಗ್‌ನಲ್ಲಿ ತಮ್ಮ ಬೆಕ್ಕುಗಳ ಚಿತ್ರ ಸುರಿದರು. ಎಲ್ಲಿ ಯಾವ ವಾಹನ ನಿಂತಿದೆ ಎಂದು ಹುಡುಕುವವರಿಗೆ ಬೆಕ್ಕುಗಳಷ್ಟೇ ಸಿಕ್ಕವು. ಮರುದಿನ ಬೆಲ್ಜಿಯಂ ಪೊಲೀಸರು ಬೆಕ್ಕಿನ ಆಹಾರ ತುಂಬಿದ ಬಟ್ಟಲಿನ ಚಿತ್ರ ಹಾಕಿ, ನೆರವಾದ ಬೆಕ್ಕುಗಳಿಗೆ ಎಂದು ಬರೆದರು. ಭಯದ ರಾತ್ರಿಯಲ್ಲಿ ಸಾಮಾನ್ಯ ಜನ ಮಾಡಬಹುದಾದ ಇದಕ್ಕಿಂತ ಒಳ್ಳೆಯ ತಮಾಷೆ ನನಗೆ ಗೊತ್ತಿಲ್ಲ.

ಏಳನೆಯ ಹೆಜ್ಜೆ: ಒಂದು ಸಂಜೆ ಅಭ್ಯಾಸ

ರಜೆಯ ದಿನ ಸಂಜೆ ಮನೆಯ ಮುಖ್ಯ ಸ್ವಿಚ್ ಆರಿಸಿ, ವೈಫೈ ಮತ್ತು ಮೊಬೈಲ್ ಡೇಟಾ ನಿಲ್ಲಿಸಿ ಮೂರು ಗಂಟೆ ಕಳೆಯಿರಿ. ಮನೆಯಲ್ಲಿ ಯಾರಾದರೂ ವಿದ್ಯುತ್ ಚಾಲಿತ ವೈದ್ಯಕೀಯ ಉಪಕರಣ ಬಳಸುತ್ತಿದ್ದರೆ ಸ್ವಿಚ್ ಮುಟ್ಟಬೇಡಿ. ಬದಲಿಗೆ ಕರೆಂಟು ಹೋದರೆ ಅದು ಎಷ್ಟು ಹೊತ್ತು ನಡೆಯುತ್ತದೆ, ಪರ್ಯಾಯ ಏನು ಎಂದು ವೈದ್ಯರನ್ನು ಕೇಳಿ ಬರೆದಿಡಿ. ಕತ್ತಲಲ್ಲಿ ಟಾರ್ಚ್ ಎಲ್ಲಿದೆ ಎಂದು ಮಕ್ಕಳು ಹುಡುಕಲಿ. ರೇಡಿಯೊದಲ್ಲಿ ಸುದ್ದಿ ಕೇಂದ್ರ ಯಾವ ಸಂಖ್ಯೆಯಲ್ಲಿ ಸಿಗುತ್ತದೆ ಎಂದು ತಿರುಗಿಸಿ ನೋಡಿ, ಅದನ್ನು ರೇಡಿಯೊದ ಬೆನ್ನಿಗೆ ಚೀಟಿ ಅಂಟಿಸಿ ಬರೆಯಿರಿ. ಮನೆಗೆ ಬರಲಾಗದಿದ್ದರೆ ಸೇರುವ ಎರಡು ಜಾಗಗಳನ್ನು, ಒಂದು ಹತ್ತಿರ, ಒಂದು ತುಸು ದೂರ, ಎಲ್ಲರೂ ಬಾಯಿಬಿಟ್ಟು ಹೇಳಲಿ.

ಬೆಳಕು ಬಂದ ಮೇಲೆ ಯಾವುದು ಕೊರತೆಯಾಯಿತು ಎಂದು ಪಟ್ಟಿ ಮಾಡಿ ಕಾಣುವ ಕಡೆ ಅಂಟಿಸಿ. ಆರು ತಿಂಗಳಿಗೊಮ್ಮೆ ನೀರು, ಬ್ಯಾಟರಿ, ಔಷಧಿ ಬದಲಿಸುವ ದಿನವನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಗುರುತಿಸಿ, ಗೋಡೆಯ ಕ್ಯಾಲೆಂಡರ್‌ನಲ್ಲೂ ಬರೆಯಿರಿ.